ಕಣ್ಣಿನ ಡಾಕ್ಟರಿಗೆ ಹೇಳದ ಮಾತು

ಕೋಥರೂಡ, ಪುಣೆ
೮ ಜುಲೈ ೨೦೨೩

ಚಿ. ಸೌ. ಅಂಬಾಳಿಗೆ,

ಪತ್ರಿಕೆಯ ಸಂಪಾದಕರಿಗೆ ನಾನು ಬರೆದ ಪತ್ರದ ನಕಲನ್ನು ನಿನಗೂ ಕಳಿಸುವವನಿದ್ದೆ. ಈಗ ಕಳಿಸುವುದಿಲ್ಲ. ಯಾಕೆಂದು ಕೇಳು, ನಗು ಬೇಕಾದರೆ.

ಸುಮಾರು ಒಂದು ತಿಂಗಳಿಂದ ಬೆಳಗಿನ ಪತ್ರಿಕೆಯ ಮುದ್ರಣ ಕೆಟ್ಟಿತ್ತು. ಸಾಲಿನ ನಡುವೆ ಮಸಿ ಹರಡಿದಂತೆ, ಅಕ್ಷರಗಳ ಕಾಲು ಮುರಿದಂತೆ. ಖಡಕಿಯ ಕಾರ್ಖಾನೆಯಲ್ಲಿ ತಪಾಸಣೆಯ ಮೇಜಿನ ಮುಂದೆ ಆಯುಷ್ಯ ಕಳೆದವನು ನಾನು. ಕೂದಲೆಳೆಯಷ್ಟು ಓರೆಯಿದ್ದ ಭಾಗವನ್ನೂ ವಾಪಸು ಕಳಿಸಿದವನು. ಸುಮ್ಮನಿರಲು ಆಗಲಿಲ್ಲ. ಎರಡು ಪುಟ ಬರೆದೆ. ಎಪ್ಪತ್ತೆಂಟರಲ್ಲಿ ನಾನು ಈ ಊರಿಗೆ ಬಂದಾಗ ಇದೇ ಪತ್ರಿಕೆ ಕೈಯಿಂದ ಅಚ್ಚು ಜೋಡಿಸಿಯೂ ಎಷ್ಟು ಸ್ವಚ್ಛವಾಗಿ ಬರುತ್ತಿತ್ತು, ಈಗ ಕೋಟಿ ರೂಪಾಯಿಯ ಯಂತ್ರ ತಂದು ಓದುಗನ ಕಣ್ಣಿಗೆ ಮಸಿ ಎರಚುತ್ತೀರಿ ಎಂದು.

ಅವರು ಒಬ್ಬ ತರುಣನನ್ನೇ ಕಳಿಸಿಬಿಟ್ಟರು. ಬಾಗಿಲಲ್ಲಿ ನಿಂತು, ಪತ್ರಿಕೆ ಬಿಚ್ಚಿ, "ಕಾಕಾ, ಕುಠೆ ಖರಾಬ್ ಆಹೆ?" ಎಂದ, ಎಲ್ಲಿ ಕೆಟ್ಟಿದೆ ಎಂದು. ನಾನು ಬೆರಳಿಟ್ಟು ತೋರಿಸಿದೆ. ಸಾಕ್ಷಿಗೆಂದು ಎದುರು ಫ್ಲ್ಯಾಟಿನ ಲೀಲಾಕ್ಷಿಯವರನ್ನು ಕರೆದೆ. ತುಮಕೂರು ಕಡೆಯವರು, ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಅವರು ಕನ್ನಡಕ ಏರಿಸಿ ಆ ಅಂಕಣವನ್ನು ತಲೆಯಿಂದ ಬುಡದವರೆಗೆ ಎಲ್ಲೂ ಎಡವದೆ ಓದಿದರು. "ಚೆನ್ನಾಗೇ ಇದೆಯಲ್ಲ ರಾಯರೇ," ಎಂದರು.

ಆಗ ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ಬಲಗಣ್ಣಿಗೆ ಎಲ್ಲ ಸರಿ. ಎಡಗಣ್ಣಿಗೆ ಪುಟದ ನಡುವೆ ಒಂದು ಬೂದಿಬಣ್ಣದ ಕಲೆ, ಅದರ ಸುತ್ತ ಸೊಳ್ಳೆಗಳಂತೆ ಚುಕ್ಕೆಗಳು. ನಾನು ನೋಡಿದ ಕಡೆ ಅವೂ ಬರುತ್ತವೆ. ಆ ಹುಡುಗನ ಕ್ಷಮೆ ಕೇಳಿ ಚಹಾ ಕುಡಿಸಿ ಕಳಿಸಿದೆ.

ಕಣ್ಣು ಕೆಂಪಾಗಿಲ್ಲ, ನೋವಿಲ್ಲ. ಔಷಧದ ಅಂಗಡಿಯವನು ಏನಾಗಿದೆ ಎಂದೂ ಕೇಳದೆ, ಕಣ್ಣಿನ ಹನಿ ಚಿಕ್ಕ ಬಾಟಲಿಯೋ ದೊಡ್ಡದೋ ಎಂದು ಕೇಳಿದ. ಅವನನ್ನು ಅಲ್ಲೇ ಬೈದು ಬಂದೆ. ಮಗಳು ಅನುಜಾ ಹಡಪಸರದಿಂದ ಬಂದು ಆಸ್ಪತ್ರೆಗೆ ಕರೆದೊಯ್ಯುತ್ತಾಳಂತೆ.

ಮಳೆ ಹಿಡಿದಿದೆ. ನಿನಗೆ ಕೆಮ್ಮು ಇಲ್ಲ ತಾನೆ?

ಪಂಢರಿ


ಬೈಲಹೊಂಗಲ
೧೯ ಜುಲೈ ೨೦೨೩

ಅಣ್ಣನಿಗೆ ಅಂಬಾಳ ನಮಸ್ಕಾರಗಳು.

ನಕ್ಕೆ. ಓದಿ ಹೇಳಿದರೆ ಭಾಗ್ಯಾಳೂ ನಕ್ಕಳು, ಸೊಸೆಗೆ ನಿನ್ನ ಪತ್ರ ಬಂದರೆ ಹಬ್ಬ. ವಯಸ್ಸಾದವರಿಗೆ ಪೊರೆ ಬರುವುದು ಇದ್ದದ್ದೇ, ನಮ್ಮ ಇವರಿಗೂ ತೆಗೆಸಿದೆವು. ನಂದಿಬಟ್ಟಲ ಹೂವನ್ನು ನೀರಿನಲ್ಲಿ ನೆನೆಸಿ ಕಣ್ಣು ತೊಳೆದುಕೋ ಎಂದರೆ ನೀನು ನನ್ನ ಮೇಲೆ ಹಾರುತ್ತೀ. ಆದರೂ ಬರೆದಿದ್ದೇನೆ.

ಅಣ್ಣಾ, ಕೆಮ್ಮಿನ ಮಾತನ್ನು ಪತ್ರದಲ್ಲಿ ಕೇಳಿದರೆ ಅಡ್ಡಿಯಿಲ್ಲ, ಇವರು ನನ್ನ ಪತ್ರ ಒಡೆಯುವುದಿಲ್ಲ. ಫೋನಿನಲ್ಲಿ ಕೇಳಬೇಡ. ನನ್ನ ಕಿವಿ ಮಂದ ಎಂದು ಮಗ ಮನೋಜ ಸ್ಪೀಕರ್ ಹಚ್ಚಿ ಕೊಡುತ್ತಾನೆ, ನೀನಾಡಿದ್ದು ಪಡಸಾಲೆಗೆಲ್ಲ ಕೇಳುತ್ತದೆ. ಹೋದ ವಾರ ನೀನು "ಕೆಮ್ಮು?" ಎಂದಾಗ ಇವರು ಪತ್ರಿಕೆಯಿಂದ ತಲೆಯೆತ್ತಿ ನೋಡಿದರು.

ಇಲ್ಲಿ ಒಂದು ಸಂಗತಿ ಆಯಿತು. ಹಿತ್ತಲಿನ ಖೋಲಿಯಲ್ಲಿ ಬಾಡಿಗೆಗಿದ್ದ ಗೌಂಡಿ ಕೆಲಸದ ಕಾಶಪ್ಪನ ಹೆಂಡತಿ ಹುಲಿಗೆವ್ವಗೆ ಟಿಬಿ ಎಂದು ಗೊತ್ತಾಯಿತು. ಸರಕಾರಿ ದವಾಖಾನೆಯ ಗುಳಿಗೆ ಶುರುವಾಗಿತ್ತು. ಇವರು ವಾರ ತುಂಬುವುದರೊಳಗೆ ಮನೆ ಬಿಡಿಸಿದರು. "ಅಂಥಾ ಮಂದಿ ಬರೂಮುಂದನ ಹೇಳಬೇಕಿತ್ತು," ಎಂದರು. ಗೋಡೆಗೆ ಸುಣ್ಣ ಹೊಡೆಸಿದರು. ಸುಣ್ಣದ ಬಕೆಟ್ಟು ಹಿಡಿದುಕೊಂಡು ನಾನೇ ನಿಂತಿದ್ದೆ.

ಡಾಕ್ಟರ್ ಏನು ಹೇಳಿದರೆಂದು ಬರೆ.

ಅಂಬಾ


ಕೋಥರೂಡ
೬ ಆಗಸ್ಟ್ ೨೦೨೩

ಅಂಬಾ,

ಪೊರೆಯಲ್ಲ. ಕಣ್ಣಿನ ಹಿಂಭಾಗದಲ್ಲಿ ಉರಿಯೂತವಂತೆ. ಡಾಕ್ಟರ್ ಹೆಸರು ಓಂಕಾರ್, ಅನುಜಾಗಿಂತ ಚಿಕ್ಕವನು. ಹನಿ ಹಾಕಿ ಪಾಪೆ ಹಿಗ್ಗಿಸಿ, ಕಣ್ಣೊಳಗೆ ಬೆಳಕು ಬಿಟ್ಟು, ಮೇಲೆ ನೋಡು ಕೆಳಗೆ ನೋಡು ಎಂದು ಬಹಳ ಹೊತ್ತು ಪರೀಕ್ಷಿಸಿದ. ಆಮೇಲೆ ಒಂದು ಚಿತ್ರ ಬರೆದು ತೋರಿಸಿದ. ಕಣ್ಣಿನ ಹಿಂದಿನ ಗೋಡೆಗೆ ನೋಟವನ್ನು ಹಿಡಿಯುವ ಪರದೆ ಇರುತ್ತದೆ, ಅದರ ಬೆನ್ನಿಗೆ ರಕ್ತನಾಳಗಳು ತುಂಬಿದ ಇನ್ನೊಂದು ಪದರ. ಬೆಂಕಿ ಬಿದ್ದಿರುವುದು ಆ ಪದರಕ್ಕೆ, ಈಗ ಪರದೆಗೂ ತಾಗಿದೆ. ಹೊರಗಿನವರಿಗೆ ಏನೂ ಕಾಣುವುದಿಲ್ಲ. ಕಣ್ಣು ಕೆಂಪಾಗಬೇಕೆಂದೂ ಇಲ್ಲ, ನೋಯಬೇಕೆಂದೂ ಇಲ್ಲ.

ಕಾರಣ ಹತ್ತಾರು ಇರುತ್ತವಂತೆ. ಯಾವುದೋ ಕ್ರಿಮಿ ಅಲ್ಲಿಗೆ ಹೋಗಿ ಕೂತಿರಬಹುದು. ಇಲ್ಲವೆ ನಮ್ಮ ದೇಹವೇ ದಾರಿ ತಪ್ಪಿ ತನ್ನ ಕಣ್ಣಿನ ಮೇಲೆ ತಾನೇ ಬೀಳಬಹುದು. ಎಷ್ಟೋ ಸಲ ಕಾರಣ ಸಿಗುವುದೇ ಇಲ್ಲ. ಅದಕ್ಕೆಂದು ಪ್ರಶ್ನೆಗಳು, ಅಂಬಾ! ಬೆಕ್ಕು ಸಾಕಿದ್ದೀರಾ, ಅರೆಬೆಂದ ಮಾಂಸ ತಿಂದಿದ್ದೀರಾ, ಬಾಯಲ್ಲಿ ಹುಣ್ಣಾಗುತ್ತದೆಯೇ, ಕೀಲು ನೋಯುತ್ತವೆಯೇ. ಆಮೇಲೆ ಅನುಜಾ ಪಕ್ಕದಲ್ಲಿದ್ದಾಗಲೇ, ಹರೆಯದಲ್ಲಿ ಬೇರೆ ಹೆಂಗಸರ ಸಂಗವಿತ್ತೇ ಎಂದು ಕೇಳಿದ. "ಇವನ ವಯಸ್ಸಿನಾಗ ನಾ ಓವರ್‌ಟೈಮ್ ಮಾಡ್ತಿದ್ದೆ, ಸಂಗ ಮಾಡ್ಲಿಕ್ಕೆ ವ್ಯಾಳ್ಯಾ ಎಲ್ಲಿತ್ತು?" ಎಂದು ಅನುಜಾಗೆ ಕನ್ನಡದಲ್ಲಿ ಹೇಳಿದೆ, ಅವಳು ಮರಾಠಿಗೆ ತಿರುಗಿಸಿದಳು. ಎಷ್ಟು ತಿರುಗಿಸಿದಳೋ ಗೊತ್ತಿಲ್ಲ, ಅವನು ನಗಲಿಲ್ಲ.

ಕೊನೆಗೆ ಆ ಪ್ರಶ್ನೆಯೂ ಬಂತು. "ಆಜೋಬಾ, ಘರಾತ್ ಕುಣಾಲಾ ಟಿಬಿ ಝಾಲಾ ಹೋತಾ ಕಾ?" ಅಜ್ಜಾ, ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿತ್ತೇ ಎಂದು.

ಇಲ್ಲ ಎಂದೆ.

ಅವ್ವ ಸಾಯುವ ಮುಂಚೆ ನನ್ನ ಕೈ ಹಿಡಿದು ತೆಗೆದುಕೊಂಡ ಮಾತನ್ನು ನಾನು ಮರೆತಿಲ್ಲ. ನೀನು ಮಿರಜದ ಕ್ಷಯದ ಆಸ್ಪತ್ರೆಯಲ್ಲಿ ವರ್ಷಕ್ಕೂ ಮೇಲೆ ಮಲಗಿದ್ದುದು, ಬದುಕಿರುವವರ ಪೈಕಿ ನಿನಗೆ ಮತ್ತು ನನಗೆ ಮಾತ್ರ ಗೊತ್ತು. ಅನುಜಾಗೂ ಗೊತ್ತಿಲ್ಲ, ಅವಳಮ್ಮನಿಗೂ ನಾನು ಹೇಳಿರಲಿಲ್ಲ. ರಕ್ತಪರೀಕ್ಷೆಯಲ್ಲಿ ಆ ರೋಗದ ನೆರಳು ಕಂಡಿದೆಯಂತೆ. ಆದರೆ ಈ ದೇಶದಲ್ಲಿ ಆ ನೆರಳು ಅರ್ಧ ಮಂದಿಯಲ್ಲಿ ಕಾಣುತ್ತದಂತೆ, ಅದರಿಂದ ಏನೂ ಸಿದ್ಧವಾಗುವುದಿಲ್ಲ. ಎದೆಯ ಚಿತ್ರವೂ ಸ್ವಚ್ಛವಾಗಿದೆ. ಕೇಳುವುದು ಅವನ ಕೆಲಸ, ಕೇಳಿದ. ನನ್ನ ಉತ್ತರದಿಂದ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ನೀನು ನಿಶ್ಚಿಂತಳಾಗಿರು.

ಓದಿ ಒಲೆಗೆ ಹಾಕು.

ಪಂಢರಿ


ಬೈಲಹೊಂಗಲ
೧೭ ಆಗಸ್ಟ್ ೨೦೨೩

ಅಣ್ಣನಿಗೆ,

ಗ್ಯಾಸಿನ ಒಲೆಗೆ ಕಾಗದ ಹಾಕಲು ಬರುವುದಿಲ್ಲ. ಬಚ್ಚಲ ಒಲೆಗೆ ಹಾಕಿದೆ.

ಆ ಪ್ರಶ್ನೆಯವರೆಗೆ ಓದಿ, ಎದ್ದು ಬಾಗಿಲು ಹಾಕಿಕೊಂಡೆ. ಪೂರ್ತಿ ಓದಿದ ಮೇಲೆ ಸಮಾಧಾನವಾಯಿತು. ನೀನಿರುವ ತನಕ ನನಗೇನು ಭಯ. ಅಷ್ಟು ಕಲಿತ ಡಾಕ್ಟರಿಗೆ ಬೇರೆ ದಾರಿ ಇದ್ದೇ ಇರುತ್ತದೆ, ಇಷ್ಟು ಹಳೆಯ ಮಾತಿನಿಂದ ಅವರಿಗೇನಾಗಬೇಕು?

ಅಲ್ಲ, ಆ ಉತ್ತರದಿಂದ ನಿನಗೆ ಖಂಡಿತ ಏನೂ... ಇರಲಿ. ನೀನು ಬರೆದಿದ್ದೀಯಲ್ಲ.

ಗುಳಿಗೆ ಏನು ಕೊಟ್ಟರು? ಅಕ್ಷರ ಯಾಕೆ ಇಷ್ಟು ದೊಡ್ಡದಾಗಿ ಬರೆದಿದ್ದೀ? ನನ್ನ ಮೇಲೆ ಸಿಟ್ಟಿಗೆದ್ದವರ ಹಾಗೆ ಕಾಣುತ್ತದೆ.

ಅಂಬಾ


ಕೋಥರೂಡ
೨೬ ಸೆಪ್ಟೆಂಬರ್ ೨೦೨೩

ಅಂಬಾ,

ಗುಳಿಗೆಯ ಹೆಸರು ಸ್ಟೆರಾಯ್ಡ್. ಬೆಂಕಿ ಆರಿಸುವ ಔಷಧ. ತೆಗೆದುಕೊಂಡ ಕೆಲವೇ ದಿನಗಳಲ್ಲಿ ಕಲೆ ತೆಳುವಾಯಿತು. ಎಡಗಣ್ಣಿನಿಂದಲೇ ಸಂಪಾದಕೀಯ ಓದಿದೆ. ಓದಿ ಸಿಟ್ಟು ಬಂತು ಎಂದರೆ ಕಣ್ಣು ಸರಿಯಾಗುತ್ತಿದೆ ಎಂದೇ ಅರ್ಥ.

ಈ ಗುಳಿಗೆಗೆ ತನ್ನದೇ ಹಟವಿದೆ. ಕಂಡಾಪಟ್ಟೆ ಹಸಿವು. ಜೋಳದ ಭಕ್ರಿ ತಿಂದು ಎದ್ದರೆ ಮತ್ತೆ ಡಬ್ಬಿಗೆ ಕೈ ಹೋಗುತ್ತದೆ. ಸಕ್ಕರೆ ಏರಿದೆ, ನಿದ್ದೆ ಬರುವುದಿಲ್ಲ, ಗಣಪತಿಯ ಡೋಲುಗಳು ಕಿಡಕಿಯ ಕೆಳಗೇ ಬಡಿದುಕೊಳ್ಳುವಾಗ ಪೊಲೀಸರಿಗೆ ಫೋನ್ ಮಾಡಿದೆ. "ಆಜೋಬಾ, ವರ್ಷಕ್ಕೊಂದು ಸಲ," ಎಂದ ಆ ಕಡೆಯವನು. ವರ್ಷಕ್ಕೊಂದು ಸಲ ಕಿವುಡಾಗಬಹುದೇ ಎಂದು ಕೇಳಿದೆ. ಇಟ್ಟುಬಿಟ್ಟ.

ಓಂಕಾರ್ ಈಗ ಗುಳಿಗೆಯನ್ನು ನಿಧಾನವಾಗಿ ಇಳಿಸುತ್ತಿದ್ದಾನೆ. ಒಮ್ಮೆಲೇ ಬಿಡಬಾರದಂತೆ. ದೇಹದ ತಪ್ಪಾಗಿದ್ದರೆ ಇಷ್ಟರಲ್ಲೇ ತಣ್ಣಗಾಗುತ್ತದೆ ಎಂದ. "ಆಗಿದ್ದರೆ" ಎನ್ನುವುದನ್ನು ಅವನು ಸ್ವಲ್ಪ ಒತ್ತಿ ಹೇಳಿದ. ಈ ಕಾಲದ ಡಾಕ್ಟರುಗಳಿಗೆ ಯಾವುದನ್ನೂ ನೇರವಾಗಿ ಹೇಳುವ ಧೈರ್ಯವಿಲ್ಲ.

ಪಂಢರಿ


ಬೈಲಹೊಂಗಲ
೮ ಅಕ್ಟೋಬರ್ ೨೦೨೩

ಅಣ್ಣನಿಗೆ,

ಅನುಜಾ ಕಳಿಸಿದ ನಿನ್ನ ಫೋಟೋವನ್ನು ಮನೋಜ ಮೊಬೈಲಿನಲ್ಲಿ ತೋರಿಸಿದ. ಎಷ್ಟು ಚೆನ್ನಾಗಿದ್ದೀ! ಗಲ್ಲ ತುಂಬಿ ಮುಖ ಹುಣ್ಣಿಮೆಯ ಹಾಗೆ ದುಂಡಗಾಗಿದೆ. ಅತ್ತಿಗೆ ಹೋದ ಮೇಲೆ ನೀನು ಒಣಗಿ ಹೋಗಿದ್ದೆ, ಈಗ ಮೈಕೈ ತುಂಬಿಕೊಂಡಿದ್ದೀ. ಇವರಿಗೂ ತೋರಿಸಿದೆ. "ಪುಣೆದ ನೀರು ಹತ್ತೇದ ನಿಮ್ಮಣ್ಣಗ," ಎಂದರು. ನಿನ್ನ ಬಗ್ಗೆ ಅವರು ಒಳ್ಳೆಯ ಮಾತಾಡಿದ್ದು ಅಪರೂಪ, ಬರೆದಿಟ್ಟುಕೋ.

ನಾನು ಆಗಸ್ಟಿನಿಂದ ಒಳಗೊಳಗೆ ಹೆದರಿದ್ದೆ. ಫೋಟೋ ನೋಡಿದ ಮೇಲೆ ಹಗುರಾಯಿತು.

ಅಂಬಾ


ಕೋಥರೂಡ
೨೧ ನವೆಂಬರ್ ೨೦೨೩

ಚಿ. ಸೌ. ಅಂಬಾಳಿಗೆ ಪಂಢರಿಯ ಆಶೀರ್ವಾದ.

ಈ ಅಕ್ಷರ ಲೀಲಾಕ್ಷಿಯವರದು. ನಾನು ಹೇಳುತ್ತಿದ್ದೇನೆ, ಅವರು ಬರೆಯುತ್ತಿದ್ದಾರೆ. ಅನುಜಾ ಕನ್ನಡ ಆಡುತ್ತಾಳೆಯೇ ಹೊರತು ಓದಲು ಬರೆಯಲು ಬಾರದು, ಆ ತಪ್ಪು ನನ್ನದೇ. ಇನ್ನು ಮೇಲೆ ನಿನ್ನ ಪತ್ರಗಳನ್ನೂ ಲೀಲಾಕ್ಷಿಯವರೇ ನನಗೆ ಓದಿ ಹೇಳುವರು. ಆದ್ದರಿಂದ ನಾಲ್ಕು ಜನರ ಮುಂದೆ ಓದಬಹುದಾದದ್ದನ್ನು ಮಾತ್ರ ಬರೆ. ತಿಳಿಯಿತಲ್ಲ?

ಗುಳಿಗೆ ಇಳಿಸಿದಂತೆ ರೋಗ ಏರಿತು. ಎಡಗಣ್ಣಿನ ನಡುವಿನ ನೋಟ ಹೋಗಿದೆ. ಎದುರಿಗೆ ನಿಂತವರ ಕಿವಿ ಕಾಣುತ್ತವೆ, ಮುಖ ಕಾಣುವುದಿಲ್ಲ. ಈಗ ಬಲಗಣ್ಣಿಗೂ ಶುರುವಾಗಿದೆ. ದೊಡ್ಡ ಅಕ್ಷರ ಬರೆದು ನೋಡಿದೆ, ಈಗ ಅದೂ ಆಗುತ್ತಿಲ್ಲ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಹೊಂಡಗಳ ದೆಸೆಯಿಂದ ರಿಕ್ಷಾ ಎರಡು ಸಲ (ಇಲ್ಲಿ ರಾಯರು ಮಹಾನಗರಪಾಲಿಕೆಯನ್ನು ಬೈದದ್ದನ್ನು ನಾನು ಬರೆದಿಲ್ಲ, ಪತ್ರ ಭಾರವಾಗುತ್ತದೆ. ಲೀ.) ಇರಲಿ. ಹೊಸ ಔಷಧ ಕೊಡುತ್ತಾರೆ. ಎಲ್ಲ ಸರಿಹೋಗುತ್ತದೆ. ನೀನು ಚಿಂತಿಸಬೇಡ.

ಪಂಢರಿ

ಅಂಬಾ ಅವರಿಗೆ ಲೀಲಾಕ್ಷಿಯ ವಂದನೆಗಳು. ರಾಯರು ಸ್ನಾನಕ್ಕೆ ಹೋಗಿದ್ದಾರೆ, ಅಷ್ಟರಲ್ಲಿ ನಾಲ್ಕು ಸಾಲು. ಈಚೆಗೆ ನಾನೂ ಅವರ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತೇ ಎಂದು ಡಾಕ್ಟರು ಮತ್ತೆ ಕೇಳಿದರು. ರಾಯರು ಮೇಜು ಗುದ್ದಿ "ಎಷ್ಟು ಸಲ ಹೇಳೋದು?" ಎಂದು ಕೂಗಿದರು. ಇವರು ಕೂಗುವುದು ನನಗೆ ಹೊಸದಲ್ಲ. ಕೂಗಿದ ಮೇಲೆ ಡಾಕ್ಟರ ಕಡೆ ನೋಡದೆ ಬಾಗಿಲತ್ತ ತಿರುಗಿ ಕೂತದ್ದು ಹೊಸದು.

ಡಾಕ್ಟರು ಅನುಜಾಗೆ ಬೇರೆಯಾಗಿ ಹೇಳಿದರು. ಕಣ್ಣಿನ ಹಿಂದೆ ಅಡಗಿರುವುದು ಟಿಬಿಯ ಕ್ರಿಮಿಯಾಗಿದ್ದರೆ, ಬರೀ ಸ್ಟೆರಾಯ್ಡ್ ಕೊಟ್ಟದ್ದು ಕಾವಲುಗಾರನ ಕೈ ಕಟ್ಟಿ ಕಳ್ಳನನ್ನು ಒಳಗೆ ಬಿಟ್ಟ ಹಾಗಂತೆ. ಅದು ಅಲ್ಲವಾದರೆ ಕಾವಲುಗಾರನನ್ನು ಇನ್ನೂ ಬಿಗಿಯಾಗಿ ಕಟ್ಟುವ ಔಷಧವೇ ಬೇಕಂತೆ. ಎರಡೂ ದಾರಿ ಒಂದಕ್ಕೊಂದು ವಿರುದ್ಧ. ಟಿಬಿಯ ಗುಳಿಗೆಗಳು ಈ ವಯಸ್ಸಿನಲ್ಲಿ ಯಕೃತ್ತಿಗೆ ಭಾರ, ಅದರಲ್ಲೊಂದು ಕಣ್ಣಿನ ನರಕ್ಕೇ ತೊಂದರೆ ಕೊಡಬಹುದಂತೆ, ಆಧಾರವಿಲ್ಲದೆ ಶುರುಮಾಡಲು ಅವರು ಹಿಂಜರಿಯುತ್ತಿದ್ದಾರೆ. ಮುಂದಿನ ತಿಂಗಳ ಮೊದಲ ವಾರ ಬಿಗಿಯಾದ ಔಷಧ ಶುರುವಾಗುತ್ತದೆ. ಎಷ್ಟೇ ಹಳೆಯದಾಗಿದ್ದರೂ, ಐವತ್ತು ವರ್ಷದ್ದಾದರೂ ಗೊತ್ತಾದರೆ ಉಪಯೋಗ ಎಂದರು. ನಿಮಗೇನಾದರೂ ಗೊತ್ತಿದೆಯೇ? ನಾನು ಹೊರಗಿನವಳು, ಕೇಳಿದ್ದು ತಪ್ಪಾದರೆ ಮನ್ನಿಸಿ.


ಬೈಲಹೊಂಗಲ
೨೭ ನವೆಂಬರ್ ೨೦೨೩
ಸ್ಪೀಡ್ ಪೋಸ್ಟ್

ಲೀಲಾಕ್ಷಿಯವರಿಗೆ ನಮಸ್ಕಾರ. ಈ ಪತ್ರ ಕೈಸೇರಿದ ಕೂಡಲೇ ಮೊದಲು ಅನುಜಾಳನ್ನು ಕರೆದು ಓದಿ ಹೇಳಿರಿ. ಅವಳು ಅದನ್ನು ಮರಾಠಿಯಲ್ಲಿ ಡಾಕ್ಟರಿಗೆ ತಿಳಿಸಲಿ. ಆಮೇಲೆ ಅಣ್ಣನ ಮುಂದೆ ಗಟ್ಟಿಯಾಗಿ ಓದಿರಿ. ಅವನು ನಿಲ್ಲಿಸು ಎನ್ನುತ್ತಾನೆ. ನಿಲ್ಲಿಸಬೇಡಿರಿ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ಅವನು ನನ್ನ ಮಾತು ಕಡಿದುಹಾಕುತ್ತಾನೆ.

ಅಣ್ಣಾ, ಸಾವಿರದ ಒಂಬೈನೂರ ಎಪ್ಪತ್ತನಾಲ್ಕರಲ್ಲಿ ನನಗೆ ಕ್ಷಯವಾಗಿತ್ತು. ಹದಿನೇಳು ವರ್ಷ. ಕೆಮ್ಮಿದರೆ ರಕ್ತ ಬರುತ್ತಿತ್ತು. ಮಿರಜದ ಆಸ್ಪತ್ರೆಯಲ್ಲಿ ಒಂದು ವರ್ಷಕ್ಕೂ ಮೇಲೆ ಇದ್ದೆ. ನನ್ನ ಜೊತೆಗಿದ್ದವನು ನೀನು ಒಬ್ಬನೇ. ಅಪ್ಪ ಬರಲಿಲ್ಲ, ಅವ್ವನನ್ನು ಬರಲು ಬಿಡಲಿಲ್ಲ. ನೀನು ಕಾಲೇಜು ಬಿಟ್ಟು ಬಂದು ವಾರ್ಡಿನ ಪಡಸಾಲೆಯಲ್ಲಿ ಮಲಗುತ್ತಿದ್ದೆ, ನನಗೆ ತಲೆ ಬಾಚುತ್ತಿದ್ದೆ. ನಾನು ಅತ್ತರೆ, ಹೆದರಿಕೆಯೇ ಇಲ್ಲ ಎಂದು ತೋರಿಸಲು ನಾನು ಕುಡಿದ ಲೋಟದಲ್ಲೇ ಚಹಾ ಕುಡಿಯುತ್ತಿದ್ದೆ. ಮಂದಿ ಕೇಳಿದರೆ ಅವ್ವ ಒಂದೇ ಉತ್ತರ ಕಲಿಸಿದ್ದಳು: "ಅಂಬಾ ಸಾಂಗಲಿಗೆ ಹೊಲಿಗಿ ಕಲೀಲಿಕ್ಕ ಹೋಗ್ಯಾಳ." ಲೀಲಾಕ್ಷಿಯವರೇ, ಇದನ್ನು ಬಿಡದೆ ಓದಿರಿ.

"ನನ್ನ ಉತ್ತರದಿಂದ ಏನೂ ಆಗುವುದಿಲ್ಲ" ಎಂದು ಬರೆದೆಯಲ್ಲ. ಡಾಕ್ಟರಿಗೆ ಹೇಳಿದ ಸುಳ್ಳು ಹಾಗಿರಲಿ, ನನಗೂ ಸುಳ್ಳು ಹೇಳಿದೆ. ನಾನು ನಂಬಿದೆ, ಯಾಕೆಂದರೆ ನಂಬಿದರೆ ನನಗೆ ಅನುಕೂಲವಿತ್ತು. ಔಷಧಕ್ಕೆ ಊದಿಕೊಂಡ ಮುಖ ನೋಡಿ ಹುಣ್ಣಿಮೆ ಎಂದು ಬರೆದೆ. ಟಿಬಿ ಬಂದವರು ಯಾಕೆ ಅಡಗಿಕೊಳ್ಳಬೇಕು, ಅವರೇನು ಕಳ್ಳರೇ ಎಂದು ನೀನೇ ಒಮ್ಮೆ ಪತ್ರಿಕೆಗೆ ಬರೆದು ನನಗೆ ಕತ್ತರಿಸಿ ಕಳಿಸಿದ್ದೆ. ಅದನ್ನು ಓದಿ ನಾನು ಅತ್ತಿದ್ದೆ. ಊರಿಗೆಲ್ಲ ಬುದ್ಧಿ ಹೇಳಿ ನನ್ನನ್ನು ಮಾತ್ರ ಅಡಗಿಸಿಟ್ಟೆ. ನಿನ್ನ ಕಣ್ಣು ಕೊಟ್ಟು ನನ್ನ ಮಾನ ಉಳಿಸು ಎಂದು ನಿನಗೆ ಯಾರು ಹೇಳಿದ್ದರು? ನನ್ನನ್ನು ಒಂದು ಮಾತು ಕೇಳಿದೆಯಾ?

ನಿನ್ನೆ ಊಟಕ್ಕೆ ಕೂತಾಗ ಇವರಿಗೆ ಹೇಳಿದೆ.

"ಹುಲಿಗೆವ್ವನ್ನ ಬಿಡಿಸಿದ್ರಲ್ಲ. ಮದಲ ನನ್ನ ಬಿಡಿಸಬೇಕಾಗಿತ್ತು," ಅಂದೆ.

"ಏನ್ ಮಾತಾಡ್ಲಿಕತ್ತೀದಿ?"

"ಲಗ್ನಕ್ಕಿಂತ ಮದಲ ನನಗೂ ಟಿಬಿ ಆಗಿತ್ತು. ಮಿರಜದಾಗ ಇದ್ದೆ."

"ಸಾಂಗಲ್ಯಾಗ ಹೊಲಿಗಿ ಕಲ್ತಾಳ ಅಂದಿದ್ರು ನಿಮ್ಮವ್ವ."

"ಹೊಲಿಗಿ ನಾ ಕಲ್ತದ್ದು ಈ ಮನಿಗೆ ಬಂದ ಮ್ಯಾಲ. ನಿಮ್ಮ ಅಂಗಿ ಕೆಡಿಸಿ ಕೆಡಿಸಿ."

ಭಾಗ್ಯಾ ನಕ್ಕುಬಿಟ್ಟಳು, ಆಮೇಲೆ ಬಾಯಿ ಮುಚ್ಚಿಕೊಂಡಳು. ಇವರು ನಗಲಿಲ್ಲ. ಎದ್ದೂ ಹೋಗಲಿಲ್ಲ. ತಾಟಿನ ಮೇಲೆ ಕೈ ಒಣಗುವ ತನಕ ಕೂತರು. ಆಗಿನಿಂದ ನನ್ನೊಡನೆ ಮಾತಿಲ್ಲ.

ಹಾಗಾಗಿ ಇನ್ನು ಕಾಯುವುದಕ್ಕೆ ಏನೂ ಉಳಿದಿಲ್ಲ. ಡಾಕ್ಟರಿಗೆ ಹೌದು ಎಂದು ಹೇಳು.

ಅಂಬಾ


ಕೋಥರೂಡ
೧೨ ಡಿಸೆಂಬರ್ ೨೦೨೩

ಅಂಬಾ,

ಲೀಲಾಕ್ಷಿಯವರು ಬರೆಯುತ್ತಿದ್ದಾರೆ. ಬೈಗುಳ ಬಿಡಬಾರದೆಂದು ಹೇಳಿಯೇ ಶುರುಮಾಡಿದ್ದೇನೆ.

ನಿನಗೆ ಆ ಹಕ್ಕು ಇರಲಿಲ್ಲ. ಅವ್ವನಿಗೆ ಮಾತು ಕೊಟ್ಟವನು ನಾನು. ಮುರಿಯುವುದಿದ್ದರೆ ನಾನು ಮುರಿಯಬೇಕಿತ್ತು. ನಿಲ್ಲಿಸಿರಿ ಎಂದು ನಾನು ಕೂಗುತ್ತಿದ್ದೆ, ಈ ಹೆಣ್ಣುಮಗಳು "ನಿಲ್ಲಿಸಬೇಡಿ ಅಂತ ಬರೆದಿದ್ದಾರೆ ರಾಯರೇ" ಎಂದು ಓದುತ್ತಲೇ ಹೋದರು. ಅನುಜಾ ಎದುರಿಗೇ ಕೂತಿದ್ದಳು. ಅವಳ ಮುಖ ನನಗೆ ಕಾಣಲಿಲ್ಲ. ಆಮೇಲೆ ಅವಳು, "ಅಪ್ಪಾ, ನಾ ಬ್ಯಾರೆ ಮಂದೀನ?" ಎಂದಳು. ಅವಳ ಕೈ ತಡಕಿ ಹಿಡಿದುಕೊಂಡೆ.

ಓಂಕಾರ್ ಬೈಯಲಿಲ್ಲ. ಬೈಯಬೇಕಾಗಿತ್ತು. ಎಷ್ಟು ಕಾಲ ತಂಗಿಯ ಜೊತೆಗಿದ್ದಿರಿ, ಕಿಟಕಿ ತೆರೆದಿರುತ್ತಿತ್ತೇ, ಒಂದೇ ಕೋಣೆಯೇ ಎಂದು ಕೇಳಿ ಬರೆದುಕೊಂಡ. ಲೋಟದ ಮಾತು ಹೇಳಿದೆ. ಲೋಟದಿಂದಲ್ಲ ಆಜೋಬಾ, ಕೆಮ್ಮಿನ ಗಾಳಿಯಿಂದ ಎಂದ. ಕ್ರಿಮಿ ಎದೆಯೊಳಗೆ ಹೋಗಿ ಇಷ್ಟು ವರ್ಷ ನಿದ್ದೆ ಮಾಡಿ, ಈಗ ಮುಪ್ಪಿನಲ್ಲಿ ಎದ್ದು ಕಣ್ಣಿಗೆ ಬಂದಿರಬಹುದು. ಬಹುದು ಎಂದೇ ಹೇಳಿದ. ಕಣ್ಣಿನ ಆ ಮೂಲೆಯಿಂದ ಚೂರು ತೆಗೆದು ನೋಡುವುದು ಸುಲಭವಲ್ಲ, ಆದ್ದರಿಂದ ಹೀಗೆ ಒಂದೊಂದೇ ಸಾಕ್ಷಿ ಕೂಡಿಸಿ ತೀರ್ಮಾನಿಸಬೇಕಂತೆ. ನಿನ್ನ ಪತ್ರ ತಕ್ಕಡಿಯನ್ನು ಒಂದು ಕಡೆಗೆ ಬಾಗಿಸಿತು.

ನಾಲ್ಕು ಬಗೆಯ ಗುಳಿಗೆ ಶುರುವಾಗಿವೆ, ಸ್ಟೆರಾಯ್ಡ್ ಕೂಡ ಜೊತೆಗಿದೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಹೆದರಬಾರದಂತೆ. ಕಣ್ಣಿನ ನರಕ್ಕೆ ತಗಲುವ ಗುಳಿಗೆಗಾಗಿ ಆಗಾಗ ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿ ಪರೀಕ್ಷಿಸುತ್ತಾರೆ. ತಿಂಗಳುಗಟ್ಟಲೆ ನಡೆಯುತ್ತದೆ. ನಡುವೆ ಬಿಟ್ಟರೆ ಮೊದಲಿಗಿಂತ ಕಷ್ಟ.

ಎಡಗಣ್ಣು ಬರುವುದಿಲ್ಲ. ನಡುವೆ ಗಾಯ ಒಣಗಿ ಕಲೆಯಾಗಿದೆ. ಆಗಸ್ಟಿನಲ್ಲೇ ಗೊತ್ತಿದ್ದರೆ ಎಂದು ಅನುಜಾ ಕೇಳಿದಳು. ಓಂಕಾರ್ ಮಾತು ತಿರುಗಿಸಿದ. ಬಲಗಣ್ಣಿನ ಬಗ್ಗೆ ಆಸೆ ಇಟ್ಟುಕೊಳ್ಳೋಣ ಎಂದ.

ನಾನು ಸುಮ್ಮನಿದ್ದದ್ದರಿಂದ ನೀನು ನೆಮ್ಮದಿಯಾಗಿ ನಿದ್ದೆ ಮಾಡುತ್ತೀ ಎಂದುಕೊಂಡಿದ್ದೆ. ಇಷ್ಟೇ ನನ್ನ ವಾದ. ಭಾವನವರು ಮಾತಾಡಿದರೇ?

ಪಂಢರಿ


ಬೈಲಹೊಂಗಲ
೧೬ ಜನವರಿ ೨೦೨೪

ಅಣ್ಣನಿಗೆ,

ಸಂಕ್ರಮಣದ ಕುಸುರೆಳ್ಳು ಕಳಿಸಿದ್ದೇನೆ. ಲೀಲಾಕ್ಷಿಯವರಿಗೂ ಅದರಲ್ಲೇ ಪಾಲು.

ನಿನ್ನ ಮೇಲೆ ನನಗಿನ್ನೂ ಸಿಟ್ಟಿದೆ. ನಿದ್ದೆಯ ಮಾತು ಹೇಳಿದೆಯಲ್ಲ, ಲಗ್ನವಾದಾಗಿನಿಂದ ನಾನು ಕೆಮ್ಮು ಬಂದರೆ ಹಿತ್ತಲಿಗೆ ಹೋಗಿ, ಬಾಯಿಗೆ ಸೆರಗು ಒತ್ತಿ ಕೆಮ್ಮಿದವಳು. ನೆಗಡಿಯ ಕೆಮ್ಮು ಕೂಡ. ಈಗ ಪಡಸಾಲೆಯಲ್ಲಿ ಕೂತು ಕೆಮ್ಮುತ್ತೇನೆ.

ಇವರು ಹಲವು ದಿನ ಮಾತಾಡಲಿಲ್ಲ. ಒಂದು ಮುಂಜಾನೆ "ನಡೀರಿ ಎಲ್ಲಾರೂ" ಎಂದು ಮನೆಮಂದಿಯನ್ನೆಲ್ಲ ಎದೆಯ ಎಕ್ಸ್‌ರೇ ತೆಗೆಸಲು ಕರೆದೊಯ್ದರು, ತಾವೂ ತೆಗೆಸಿಕೊಂಡರು. ನನ್ನ ಮೇಲಿನ ಕಾಳಜಿಯಲ್ಲ, ತಮಗೇನಾದರೂ ಹತ್ತಿದೆಯೇ ಎಂಬ ಅಂಜಿಕೆ. ಯಾರಿಗೂ ಏನೂ ಇಲ್ಲ. ನನ್ನ ಚಿತ್ರದಲ್ಲಿ ಹಳೆಯ ಗಾಯ ಮಾಗಿ ಜೋಳದ ಕಾಳಿನಷ್ಟು ಬಿಳಿ ಗುರುತು ಉಳಿದಿದೆ, ಅದರಿಂದ ಯಾರಿಗೂ ಅಪಾಯವಿಲ್ಲ ಎಂದರು ಡಾಕ್ಟರ್. ಮನೆಗೆ ಬಂದ ಮೇಲೆ ಇವರು ಅದನ್ನು ಕಿಡಕಿಗೆ ಹಿಡಿದು ನೋಡುತ್ತ ನಿಂತರು. "ಇಷ್ಟ ಏನು?" ಎಂದರು. ಅದು ತಾತ್ಸಾರವೋ ಸಮಾಧಾನವೋ, ಇಷ್ಟು ವರ್ಷ ಸಂಸಾರ ಮಾಡಿದರೂ ನನಗೆ ತಿಳಿಯಲಿಲ್ಲ. ಈಗ ಉಪ್ಪು ಹಾಕು, ಬಾಗಿಲು ತೆಗೆ ಎನ್ನುವಷ್ಟು ಮಾತಾಡುತ್ತಾರೆ.

ನಾನು ಹುಲಿಗೆವ್ವಳನ್ನು ಹುಡುಕಿಕೊಂಡು ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಖೋಲಿಯಲ್ಲಿದ್ದಾಳೆ. ಗುಳಿಗೆ ಮುಗಿಯುತ್ತ ಬಂದಿದೆ, ಮೈ ಚೇತರಿಸಿದೆ. ನನ್ನ ಸಂಗತಿ ಹೇಳಿದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಹಂಗಾರ ನಿಮಗೂ ಸುಣ್ಣಾ ಹೊಡದ್ರೇನ್ರಿ, ಅಕ್ಕಾರ?" ಎಂದಳು. ಆಮೇಲೆ ಅವಳೇ ಕೂಡಲು ಚಾಪೆ ಹಾಸಿದಳು.

ಎಕ್ಸ್‌ರೇಯನ್ನು ನಿನಗೆ ಕಳಿಸುತ್ತೇನೆ. ನಮ್ಮ ಮನೆಯಲ್ಲಿ ಎಲ್ಲರೂ ನೋಡಿಯಾಯಿತು. ಗುರುತು ಎಲ್ಲಿದೆ ಎಂದು ಬರೆಯುವುದಿಲ್ಲ. ನಿನ್ನ ಬಲಗಣ್ಣಿಗೆ ಯಾವತ್ತು ಕಾಣುತ್ತದೋ ಅವತ್ತು ನೀನೇ ಬರೆ. ಬೇರೆಯವರಿಂದ ಕೇಳಿ ಬರೆದರೆ ನನಗೆ ಗೊತ್ತಾಗುತ್ತದೆ.

ಅಂಬಾ


ಕೋಥರೂಡ
೫ ಮೇ ೨೦೨೪

ಅಂಬಾ,

ಇದು ನನ್ನ ಅಕ್ಷರ. ಸಾಲು ಓರೆಯಾಗಿದೆ, ಗೊತ್ತು. ಲೀಲಾಕ್ಷಿಯವರು ತಿದ್ದಲು ಬಂದರು, ಬೇಡವೆಂದೆ.

ಗುಳಿಗೆಗಳು ಎರಡಕ್ಕೆ ಇಳಿದಿವೆ, ಇನ್ನೂ ಕೆಲವು ತಿಂಗಳು ಬೇಕು. ಬೆಂಕಿ ಆರಿದೆ ಎನ್ನುತ್ತಾನೆ ಓಂಕಾರ್. ಮುಖದ ಊತವೂ ಇಳಿದಿದೆ, ಮತ್ತೆ ಹಳೆಯ ಒಣಕಲ ಪಂಢರಿ. ಎಡಗಡೆಯಿಂದ ಯಾರಾದರೂ ಬಂದರೆ ತಡವಾಗಿ ತಿಳಿಯುತ್ತದೆ. ಚಹಾ ಸುರಿಯುವಾಗ ಕಪ್ಪಿನ ಅಂಚು ತಪ್ಪುತ್ತದೆ. ಒಂದು ಕಣ್ಣಿನ ಲೆಕ್ಕ ಕೈಗೆ ಇನ್ನೂ ಬಂದಿಲ್ಲ.

ನಿನ್ನ ಎಕ್ಸ್‌ರೇ ಬಂದದ್ದು ಫೆಬ್ರವರಿಯಲ್ಲಿ. ಆಗ ಕಿಡಕಿಗೆ ಹಿಡಿದರೆ ಬರೀ ಹೊಗೆ. ಮಾರ್ಚಿನಲ್ಲಿ ಪಕ್ಕೆಲುಬುಗಳು ಕಂಡವು, ಆದರೆ ಎಣಿಸಲು ಹೋದರೆ ಒಂದರೊಳಗೊಂದು ಕೂಡಿಕೊಳ್ಳುತ್ತಿದ್ದವು. ಅನುಜಾ ಬಂದಾಗಲೆಲ್ಲ "ತೋರಸ್ಲೇನು?" ಎನ್ನುತ್ತಿದ್ದಳು. ಅವಳನ್ನು ಓಡಿಸುತ್ತಿದ್ದೆ.

ಇವತ್ತು ಮುಂಜಾನೆ ಬಿಸಿಲು ಚೆನ್ನಾಗಿತ್ತು. ಬಾಲ್ಕನಿಯಲ್ಲಿ ಚಿತ್ರ ಹಿಡಿದೆ. ಕಾರ್ಖಾನೆಯಲ್ಲಿ ಮಾಡುತ್ತಿದ್ದ ಹಾಗೆ ಮೂಲೆಯಿಂದ ಶುರುಮಾಡಿ ಸಾಲು ಸಾಲಾಗಿ ಬಂದೆ. ನಿನ್ನ ಹೃದಯ ಕಂಡಿತು, ಸ್ವಲ್ಪ ಎಡಕ್ಕೆ ವಾಲಿದೆ. ಬಳೆ ತೆಗೆಯಲು ಮರೆತಿದ್ದೀ, ಒಂದು ಅಂಚಿನಲ್ಲಿ ಬಂದಿದೆ. ಆಮೇಲೆ ಕಂಡಿತು.

ಬಲಗಡೆ. ಕೊರಳೆಲುಬಿನ ಕೆಳಗೆ, ಎರಡನೆಯ ಪಕ್ಕೆಲುಬಿನ ನೆರಳಿನ ಅಂಚಿಗೆ. ಜೋಳದ ಕಾಳಿಗಿಂತ ಚಿಕ್ಕದು.

ಸರಿಯೇ? ಯಾರನ್ನೂ ಕೇಳಿಲ್ಲ.

ಪಂಢರಿ